ಕ್ಯೋಟೋದ ಅಡುಗೆಮನೆಯಲ್ಲಿ ಒಂದು ಬೆಳಗು

ಪರದೇಶಕ್ಕೆ ಹೋದವನು ಅಲ್ಲಿನ ಅರಮನೆಯನ್ನು ನೋಡುತ್ತಾನೆ, ಗುಡಿಗೋಪುರಗಳನ್ನು ನೋಡುತ್ತಾನೆ, ವಸ್ತುಸಂಗ್ರಹಾಲಯವನ್ನೂ ನೋಡುತ್ತಾನೆ. ಆ ನಾಡಿನ ಅಡುಗೆಮನೆಯೊಳಕ್ಕೆ ಇಣಿಕಿ ನೋಡುವ ಭಾಗ್ಯ ಮಾತ್ರ ಎಲ್ಲರಿಗೂ ಒದಗುವುದಿಲ್ಲ. ಕಳೆದ ನವೆಂಬರ್ ತಿಂಗಳಲ್ಲಿ ನನಗೆ ಆ ಭಾಗ್ಯ ಒದಗಿತು. ಅದರ ಬೆನ್ನಿಗೇ ಒಂದು ಸಣ್ಣ ಧರ್ಮಸಂಕಟವೂ ಒದಗಿತು. ಎರಡನ್ನೂ ವಾಚಕರ ಮುಂದಿಡುತ್ತೇನೆ.

ನನ್ನ ಭಾವಮೈದುನ ಜಪಾನಿನ ಓಸಾಕಾ ನಗರದ ಕಂಪನಿಯೊಂದರಲ್ಲಿ ಇಂಜಿನಿಯರು. ಅವನ ಬಲವಂತಕ್ಕೆ ಎರಡು ವಾರ ರಜ ಹಾಕಿ ಹೊರಟಾಗ, ನನ್ನ ತಾಯಿ ಚಟ್ನಿಪುಡಿಯ ಎರಡು ಪೊಟ್ಟಣಗಳನ್ನು ಪೆಟ್ಟಿಗೆಯ ಮೂಲೆಯಲ್ಲಿ ತುರುಕಿ, "ಅಲ್ಲಿ ಎಲ್ಲದರಲ್ಲೂ ಮೀನು ಇರುತ್ತದಂತೆ. ಕೇಳಿ ತಿನ್ನು" ಎಂದರು. "ನಾನೇನು ಮಗುವೇ ಅಮ್ಮಾ?" ಎಂದು ನಕ್ಕುಬಿಟ್ಟೆ. ಆ ನಗೆಯ ಬೆಲೆ ಎಷ್ಟೆಂಬುದು ಆಮೇಲೆ ತಿಳಿಯಿತು.

ಹೋದ ನಾಲ್ಕನೆಯ ದಿನ ಭಾವಮೈದುನ, "ಭಾವ, ದೇವಸ್ಥಾನ ನೋಡಿ ನೋಡಿ ದಣಿದಿದ್ದೀರಿ. ನಾಳೆ ಕ್ಯೋಟೋದಲ್ಲಿ ಊಟತಿಂಡಿಯ ಯಾತ್ರೆಯೊಂದಕ್ಕೆ ನಿಮ್ಮ ಹೆಸರು ಬರೆಸಿದ್ದೇನೆ. ಮಾರ್ಗದರ್ಶಕರೊಬ್ಬರು ಪೇಟೆಯಲ್ಲಿ ನಡೆಸಿಕೊಂಡು ಹೋಗಿ ಒಂದೊಂದನ್ನೇ ತೋರಿಸಿ ತಿನ್ನಿಸುತ್ತಾರೆ" ಎಂದ.

"ಏನಯ್ಯ, ಮೀನಿನ ಪೇಟೆಯಲ್ಲಿ ನನಗೇನು ಕೆಲಸ?" ಎಂದೆ.

"ಸಸ್ಯಾಹಾರಿ ಎಂದು ಮೊದಲೇ ತಿಳಿಸಿದ್ದೇನೆ. ನೀವು ಹೋಗಿ ಬನ್ನಿ" ಎಂದು ಧೈರ್ಯ ಹೇಳಿದ.

ಜರತಾರಿಯ ಬೀದಿ

ಕ್ಯೋಟೋ ನಗರದ ನಡುವೆ, ಶಿಜೋ ಎಂಬ ರಾಜಬೀದಿಗೆ ಒಂದೇ ಸಾಲು ಉತ್ತರಕ್ಕೆ, ನಿಶಿಕಿ ಎಂಬ ಓಣಿಯಿದೆ. ಉದ್ದ ಸುಮಾರು 390 ಮೀಟರು. ಅಗಲವೋ, ನಾಲ್ಕು ಜನ ಸಾಲಾಗಿ ನಡೆದರೆ ಎದುರಿನವರು ಪಕ್ಕಕ್ಕೆ ಸರಿಯಬೇಕು. ಮೇಲೆ ಕೆಂಪು ಹಳದಿ ಹಸಿರು ಬಣ್ಣದ ಮಾಡು. ಇಕ್ಕೆಲಗಳಲ್ಲಿಯೂ ನೂರಕ್ಕೆ ಮೀರಿದ ಅಂಗಡಿಗಳು. ಊರಿನವರು ಇದನ್ನು 'ಕ್ಯೋಟೋದ ಅಡುಗೆಮನೆ' ಎಂದೇ ಕರೆಯುತ್ತಾರೆ. ನಿಶಿಕಿ ಎಂದರೆ ಜರತಾರಿಯ ಬಟ್ಟೆ. ಈ ಓಣಿಗೆ ಮೊದಲು ಹೊಲಸಿನ ಅರ್ಥ ಬರುವ ಹೆಸರೊಂದು ಅಂಟಿಕೊಂಡಿತ್ತೆಂದೂ, 1054ರಲ್ಲಿ ಚಕ್ರವರ್ತಿಯ ಅಪ್ಪಣೆಯಿಂದ ಈ ಚೆಲುವಾದ ಹೆಸರು ಬಂದಿತೆಂದೂ ಪ್ರತೀತಿ. ನೆಲದಡಿಯ ತಣ್ಣನೆಯ ನೀರು ಇಲ್ಲಿ ಸಮೃದ್ಧ. ಮಂಜುಗಡ್ಡೆಯಿಲ್ಲದ ಕಾಲದಲ್ಲಿ ಮೀನು ಕೆಡದಂತೆ ಇಡಲು ಈ ನೀರೇ ಆಸರೆ. 1615ರಲ್ಲಿ ಮೀನು ಮಾರಲು ಸರ್ಕಾರದ ಪರವಾನಗಿಯೂ ದೊರೆಯಿತು.

ನಮ್ಮ ತಂಡದಲ್ಲಿ ನಾಲ್ವರು: ಆಸ್ಟ್ರೇಲಿಯದ ದಂಪತಿಗಳು, ತೈವಾನಿನ ನಿವೃತ್ತ ಉಪಾಧ್ಯಾಯಿನಿಯೊಬ್ಬರು, ನಾನು. ಮಾರ್ಗದರ್ಶಿನಿ ಇಪ್ಪತ್ತೈದರ ಆಸುಪಾಸಿನ ತರುಣಿ. ಆಕೆ ಸೊಂಟ ಬಗ್ಗಿಸಿ ನಮಸ್ಕರಿಸಿ ಎರಡು ನಿಯಮಗಳನ್ನು ಹೇಳಿದರು. ತಿನ್ನುತ್ತ ನಡೆಯಬಾರದು, ಕೊಂಡ ಅಂಗಡಿಯ ಮುಂದೆಯೇ ನಿಂತು ತಿಂದು ಮುಗಿಸಬೇಕು, ಇದು ಪೇಟೆಯವರೇ ಮಾಡಿಕೊಂಡಿರುವ ಕೋರಿಕೆ. ಎರಡನೆಯದು ನನಗೂ ತೈವಾನಿನ ಆಕೆಗೂ ಹೇಳಿದ ಮಾತು: "ನಾನು ಕೇಳಿ ಬಂದು ಹೇಳುವವರೆಗೆ ನೀವಿಬ್ಬರೂ ಏನನ್ನೂ ಬಾಯಿಗೆ ಹಾಕಬೇಡಿ."

ತೈವಾನಿನ ಉಪಾಧ್ಯಾಯಿನಿಯೂ ಬೌದ್ಧಸಂಪ್ರದಾಯದ ಸಸ್ಯಾಹಾರಿ. ಈರುಳ್ಳಿ, ಬೆಳ್ಳುಳ್ಳಿಗಳನ್ನೂ ಮುಟ್ಟುವುದಿಲ್ಲವೆಂದು ಕೇಳಿ ನನಗೆ ನಮ್ಮ ಅಜ್ಜಿಯನ್ನು ಕಂಡಷ್ಟು ಸಂತೋಷವಾಯಿತು.

ಮೂಲಂಗಿಯ ಪರಿನಿರ್ವಾಣ

ಮೊದಲ ಅರ್ಧಗಂಟೆ ನನಗೆ ಕಣ್ಣಿನ ಹಬ್ಬ. ಒಂದೆಡೆ ಉಪ್ಪಿನಕಾಯಿಯ ಮರದ ಪೀಪಾಯಿಗಳು. ಅಕ್ಕಿಯ ತೌಡಿನಲ್ಲಿ ಹೂತಿಟ್ಟ ಸೌತೆ, ಬದನೆ. ಈ ತೌಡನ್ನು ದಿನವೂ ಕೈಯಿಂದ ಮಗುಚದಿದ್ದರೆ ಕೆಟ್ಟುಹೋಗುತ್ತದೆಯಂತೆ. ಮಗುವಿನ ತಲೆಗಿಂತ ದೊಡ್ಡದಾದ ಬಿಳಿಯ ಟರ್ನಿಪ್ ಗೆಡ್ಡೆಯನ್ನು ಕಾಗದದಷ್ಟು ತೆಳುವಾಗಿ ಹೆರೆದು ಹುಳಿಗೆ ಹಾಕಿದ 'ಸೆನ್‌ಮಾಯ್‌ಝುಕೆ' ಇಲ್ಲಿನ ಚಳಿಗಾಲದ ಹೆಮ್ಮೆ; ಆ ಹೆಸರಿಗೆ ಸಾವಿರ ಹಾಳೆ ಎಂದರ್ಥ. ಇನ್ನೊಂದೆಡೆ ಸೋಯಾ ಹಾಲನ್ನು ಸಣ್ಣ ಉರಿಯಲ್ಲಿ ಕಾಯಿಸಿ, ಮೇಲೆ ಕಟ್ಟಿದ ಕೆನೆಯನ್ನು ಕಡ್ಡಿಯಿಂದ ಮೆಲ್ಲನೆ ಎತ್ತಿ ತೆಗೆದ 'ಯುಬಾ'. ಒಂದು ತುಣುಕನ್ನು ನಾಲಗೆಯ ಮೇಲಿಟ್ಟರೆ ನಮ್ಮ ಮನೆಯ ಹಾಲಿನ ಕೆನೆಯ ದೂರದ ನೆಂಟನೆಂದು ಒಡನೆಯೇ ಗುರುತು ಸಿಗುತ್ತದೆ. ಮತ್ತೊಂದೆಡೆ, ತಲೆಯೊಳಗೆ ಪುಟ್ಟ ಮೊಟ್ಟೆ ತುಂಬಿ ಕಡ್ಡಿಗೆ ಚುಚ್ಚಿದ ಕೆಂಪು ಮರಿ ಆಕ್ಟೋಪಸ್ಸುಗಳ ಸಾಲು. ಆಸ್ಟ್ರೇಲಿಯದವರು ಅದನ್ನು ಸವಿಯುವಾಗ ನಾನು ಎದುರಿನ ಆರಿತ್ಸುಗು ಅಂಗಡಿಯ ಚಾಕುಗಳನ್ನು ನೋಡುತ್ತ ನಿಂತೆ. 1560ರಲ್ಲಿ ಖಡ್ಗ ಮಾಡುವ ಮನೆತನವಾಗಿ ಆರಂಭವಾದ ಅಂಗಡಿಯದು. ಯುದ್ಧಗಳ ಕಾಲ ಕಳೆದ ಮೇಲೆ ಕತ್ತಿ ಅಡುಗೆಮನೆಗೆ ಇಳಿದು ಬಂದಿತು.

ಆದರೆ ನನ್ನ ಮನಸ್ಸನ್ನು ಸೆರೆಹಿಡಿದದ್ದು ಒಂದು ಚಿತ್ರ. ಇತೋ ಜಾಕುಚು ಎಂಬ ಮಹಾಚಿತ್ರಕಾರ 1716ರಲ್ಲಿ ಇದೇ ಬೀದಿಯ ತರಕಾರಿ ಸಗಟು ವ್ಯಾಪಾರಿಯ ಹಿರಿಯ ಮಗನಾಗಿ ಹುಟ್ಟಿದ. ನಲವತ್ತರ ಹರೆಯದಲ್ಲಿ ಅಂಗಡಿಯನ್ನು ತಮ್ಮನಿಗೊಪ್ಪಿಸಿ ಕುಂಚ ಹಿಡಿದ. ಅಂಗಡಿಗಳು ಮುಚ್ಚಿದಾಗ ಬಾಗಿಲ ತಗಡುಗಳ ಮೇಲೆ ಅವನ ಕೋಳಿ, ತರಕಾರಿಗಳೇ ಕಾಣುತ್ತವೆ. ಮಾರ್ಗದರ್ಶಿನಿ ಚೀಲದಿಂದ ತೆಗೆದು ತೋರಿಸಿದ ಪಟದಲ್ಲಿ, ಬೋರಲಾಗಿಟ್ಟ ಬುಟ್ಟಿಯ ಮೇಲೆ ಒಂದು ಕವಲುಬೇರಿನ ಮೂಲಂಗಿ ಮಲಗಿದೆ. ಸುತ್ತಲೂ ಟರ್ನಿಪ್, ಬದನೆ, ಕುಂಬಳ, ಅಣಬೆಗಳು ಶೋಕದಿಂದ ನೆರೆದಿವೆ. ಇದು ಬುದ್ಧನ ಪರಿನಿರ್ವಾಣ! ನೋಡಿದೊಡನೆ ನಗು ಬರುತ್ತದೆ. ಎರಡನೆಯ ಸಲ ನೋಡಿದಾಗ ನಗು ನಿಲ್ಲುತ್ತದೆ. ಮೂಲ ಚಿತ್ರ ಕ್ಯೋಟೋದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ದಿನವೂ ಮೂಲಂಗಿ ಮಾರುತ್ತಿದ್ದವನಿಗೆ ಮೂಲಂಗಿಯಲ್ಲಿಯೇ ಬುದ್ಧನು ಕಂಡನು.

ಎಡವಿದ ನಾಲಗೆ

ಈ ಚಿತ್ರದ ಗುಂಗಿನಲ್ಲಿಯೇ ನಾನು ತಂಡದಿಂದ ಹತ್ತು ಹೆಜ್ಜೆ ಮುಂದೆ ಹೋಗಿಬಿಟ್ಟಿದ್ದೆ. ಮನೆಯಡುಗೆಯ ಪಲ್ಯಗಳನ್ನು ಮಾರುವ ಒಂದು ಪುಟ್ಟ ಅಂಗಡಿ. ಮುದುಕಿಯೊಬ್ಬರು ಬೆಂದ ಸೊಪ್ಪನ್ನೂ ಕರಿದ ತೋಫುವಿನ ಚೂರುಗಳನ್ನೂ ಪುಟ್ಟ ತಟ್ಟೆಯಲ್ಲಿಟ್ಟು ರುಚಿ ನೋಡಲು ನೀಡಿದರು. ಸೊಪ್ಪು, ಸೋಯಾ; ಇದರಲ್ಲಿ ಮೀನಿಗೆ ಎಡೆಯೆಲ್ಲಿ? ಬಾಯಿಗೆ ಹಾಕಿಕೊಂಡೆ. ಅಷ್ಟು ಸೊಗಸಾದ ಸೊಪ್ಪಿನ ಪಲ್ಯವನ್ನು ನಾನು ಹೊರಗೆಲ್ಲಿಯೂ ತಿಂದಿರಲಿಲ್ಲ. ಎರಡನೆಯ ತುತ್ತನ್ನೂ ತಿಂದೆ.

ಅಷ್ಟರಲ್ಲಿ ಮಾರ್ಗದರ್ಶಿನಿ ಓಡಿಬಂದರು. ಆಕೆಯ ಮುಖ ನೋಡಿದೊಡನೆಯೇ ನನಗೆ ಅರ್ಥವಾಯಿತು. "ದಾಶಿ" ಎಂದಷ್ಟೇ ಹೇಳಿದರು.

ದಾಶಿ ಎಂದರೆ ಜಪಾನೀ ಅಡುಗೆಯ ಮೂಲರಸ. ಕತ್ಸುಓ ಎಂಬ ಮೀನನ್ನು ಬೇಯಿಸಿ, ಹೊಗೆಯಲ್ಲಿಟ್ಟು, ಕೊರಡಿನಂತೆ ಗಟ್ಟಿಯಾಗುವವರೆಗೆ ಒಣಗಿಸಿ, ಬಡಗಿಯ ಕೀಸುಳಿಯಂತಹ ಸಲಕರಣೆಯಿಂದ ಹೆರೆಯುತ್ತಾರೆ. ಆ ಹೆರೆತವನ್ನೂ, 'ಕೊಂಬು' ಎಂಬ ಕಡಲಪಾಚಿಯನ್ನೂ ನೀರಿನಲ್ಲಿಟ್ಟು ತೆಗೆದ ತಿಳಿಯೇ ದಾಶಿ. ಸಾರು, ಪಲ್ಯ, ಅದ್ದಿಕೊಳ್ಳುವ ರಸ ಎಲ್ಲದಕ್ಕೂ ಅದೇ ತಳಹದಿ. ಕಣ್ಣಿಗೆ ಮೀನು ಕಾಣುವುದೇ ಇಲ್ಲ. 675ರಲ್ಲಿ ತೆಮ್ಮು ಚಕ್ರವರ್ತಿ ದನ, ಕುದುರೆ, ನಾಯಿ, ಕೋತಿ, ಕೋಳಿಗಳ ಮಾಂಸವನ್ನು ನಿಷೇಧಿಸಿದಾಗ ಮೀನು ಆ ಪಟ್ಟಿಯಲ್ಲಿರಲಿಲ್ಲ. 1872ರಲ್ಲಿ ಮೇಜಿ ಚಕ್ರವರ್ತಿ ತಾನೇ ದನದ ಮಾಂಸವನ್ನು ಉಂಡು ಹಳೆಯ ಕಟ್ಟಳೆಯನ್ನು ಮುರಿದ. ನಡುವಿನ ಶತಮಾನಗಳಲ್ಲಿ ಈ ನಾಡಿನ ನಾಲಗೆಯನ್ನು ತಿದ್ದಿದ್ದು ಮೀನು, ಸೋಯಾ, ಕಡಲಪಾಚಿಗಳು.

ಮಾರ್ಗದರ್ಶಿನಿ, "ತಪ್ಪು ನನ್ನದು" ಎಂದು ಬಗ್ಗಿದರು. ವಿಷಯ ತಿಳಿದ ಮುದುಕಿಯೂ ಬಗ್ಗಿದರು. ತಪ್ಪು ಅವರಿಬ್ಬರದೂ ಅಲ್ಲ. ಹೇಳಿದ ಮಾತನ್ನು ಮೀರಿದವನು ನಾನು. ತಪ್ಪು ಮಾಡಿದವನು ನೆಟ್ಟಗೆ ನಿಂತು, ಮಾಡದವರು ಬಗ್ಗುತ್ತಿರುವ ಆ ದೃಶ್ಯ ನನ್ನನ್ನು ನಾಚಿಸಿತು. ನಾನೂ ಬಗ್ಗಿದೆ.

ಹೊಟ್ಟೆಗೇನೂ ಆಗಲಿಲ್ಲ. ನನ್ನನ್ನು ಕಾಡಿದ್ದು ಬೇರೆ ಸಂಗತಿ. ನಲವತ್ತು ವರ್ಷಗಳಿಂದ ಹೊರಗೆ ಒಂದು ಲೋಟ ನೀರನ್ನೂ ಯೋಚಿಸಿ ಕುಡಿಯುವ ತಾಯಿಯ ಮಗ ನಾನು. ಅರಿಯದೆ ತಿಂದೆ ಎಂದು ಸಮಾಧಾನ ಹೇಳಿಕೊಳ್ಳಬಹುದಾಗಿತ್ತು. ಆದರೆ ನಾಲಗೆ ಅದನ್ನು ಮೆಚ್ಚಿ ಎರಡನೆಯ ತುತ್ತನ್ನು ಕೇಳಿತ್ತಲ್ಲ! ತೈವಾನಿನ ಉಪಾಧ್ಯಾಯಿನಿ ನನ್ನ ಪಕ್ಕದಲ್ಲಿ ನಡೆಯುತ್ತ, "ನನಗೂ ಮೊದಲ ಸಲ ಹೀಗೆಯೇ ಆಗಿತ್ತು. ವ್ರತ ಇರುವುದು ಹೊಟ್ಟೆಯಲ್ಲಿ ಅಲ್ಲ, ಗಮನದಲ್ಲಿ. ಮುಂದಿನ ತುತ್ತಿಗೆ ಕೇಳಿದರಾಯಿತು" ಎಂದರು. ಪಾಠ ಹೇಳುವ ನನಗೆ ಪಾಠ ಹೇಳಿಸಿಕೊಳ್ಳುವುದು ಅಂದು ಹಿತವಾಗಿಯೇ ಇತ್ತು.

ಬೇಳೆಯ ಕಟ್ಟು

ಬೀದಿಯ ಪೂರ್ವದ ಕೊನೆಯಲ್ಲಿ ನಿಶಿಕಿ ತೆಮ್ಮಂಗು ಗುಡಿ. ಅದರ ಮುಂದಿನ ಕಲ್ಲಿನ ತೋರಣದ್ವಾರದ ಎರಡು ತುದಿಗಳೂ ಅಕ್ಕಪಕ್ಕದ ಕಟ್ಟಡಗಳ ಗೋಡೆಯೊಳಕ್ಕೇ ಚಾಚಿಕೊಂಡಿವೆ! 903ರಲ್ಲಿ ತೀರಿಕೊಂಡ ಸುಗವಾರ ಮಿಚಿಝಾನೆ ಎಂಬ ಪಂಡಿತನೇ ಇಲ್ಲಿ ವಿದ್ಯೆಯ ಅಧಿದೇವತೆ. ನಮ್ಮ ನಂದಿಯಂತೆ ಮಲಗಿದ ಕಂಚಿನ ಎತ್ತಿನ ತಲೆಯನ್ನು ಸವರಿದರೆ ಬುದ್ಧಿ ಬರುತ್ತದೆಯಂತೆ. ಅಂದಿನ ಪರಿಸ್ಥಿತಿಯಲ್ಲಿ ನಾನು ಎರಡು ಸಲ ಸವರಿದೆ. ಅಲ್ಲಿನ ಬಾವಿಯ ತಣ್ಣೀರನ್ನು ಕುಡಿದು ಬಾಯನ್ನು ಶುದ್ಧಮಾಡಿಕೊಂಡೆ.

ಯಾತ್ರೆಯ ಕೊನೆಗೆ ಪಕ್ಕದ ಓಣಿಯ ಪುಟ್ಟ ಊಟದ ಮನೆ. ನಮ್ಮಿಬ್ಬರ ಮುಂದೆ ಬಂದದ್ದು ಯುಬಾ, ಬೆಂದ ಗೆಡ್ಡೆ, ಅನ್ನ ಮತ್ತು ತಿಳಿಸಾರು. ನಾನು ಬಟ್ಟಲನ್ನು ಮುಟ್ಟದೆ ಮಾರ್ಗದರ್ಶಿನಿಯ ಮುಖ ನೋಡಿದೆ. ಆಕೆ ನಕ್ಕು, "ಇದು ಮಠಗಳ ದಾಶಿ. ಕಡಲಪಾಚಿ ಮತ್ತು ಒಣ ಅಣಬೆ ಮಾತ್ರ" ಎಂದರು. ಆಮೇಲೆ ತಿಳಿಯಿತು: ಆಕೆ ಹಿಂದಿನ ದಿನವೇ ದೂರವಾಣಿ ಮಾಡಿದ್ದರು, ನಮ್ಮಿಬ್ಬರಿಗಾಗಿ ಅಡುಗೆಯವರು ರಾತ್ರಿಯೇ ಅವೆರಡನ್ನೂ ನೀರಿನಲ್ಲಿ ನೆನೆಹಾಕಿದ್ದರು. ಇಬ್ಬರ ವ್ರತಕ್ಕಾಗಿ ಅಪರಿಚಿತರು ಪಟ್ಟ ಶ್ರಮವಿದು.

ಸಾರು ಬಾಯಿಗೆ ಬಿದ್ದೊಡನೆ ನಾನು ಬೆರಗಾದೆ. ಆ ಅಂಗಡಿಯ ಪಲ್ಯದಲ್ಲಿ ನನ್ನನ್ನು ಮರುಳುಮಾಡಿದ್ದ ಸವಿಯೇ ಇಲ್ಲಿಯೂ ಇತ್ತು! ಕ್ಯೋಟೋದಲ್ಲಿಯೇ ಹುಟ್ಟಿದ ಇಕೆದಾ ಕಿಕುನಾಯೆ ಎಂಬ ರಸಾಯನಶಾಸ್ತ್ರಜ್ಞ 1908ರಲ್ಲಿ ಕೊಂಬುವಿನಿಂದ ಈ ಸವಿಯ ಮೂಲವನ್ನು ಬೇರ್ಪಡಿಸಿದ. ಅದು ಗ್ಲುಟಮೇಟ್, ಹಣ್ಣಾದ ಟೊಮೇಟೋದಲ್ಲಿಯೂ ಇರುವಂತಹದೇ. ಸಿಹಿ, ಹುಳಿ, ಉಪ್ಪು, ಕಹಿಗಳ ಜೊತೆಗೆ ಇದು ಐದನೆಯದೆಂದು ಅವನು 'ಉಮಾಮಿ' ಎಂದು ಹೆಸರಿಟ್ಟ. ಒಣ ಅಣಬೆಯಲ್ಲಿ ಅದಕ್ಕೆ ಜೊತೆಗೂಡುವ ಇನ್ನೊಂದು ವಸ್ತುವಿದೆ. ಎರಡೂ ಸೇರಿದರೆ ರುಚಿ ಇಮ್ಮಡಿಗಿಂತ ಹೆಚ್ಚುತ್ತದೆ. ಮಠದ ಭಿಕ್ಷುಗಳು ರಸಾಯನಶಾಸ್ತ್ರ ಓದದೆಯೇ ಇದನ್ನು ಕಂಡುಕೊಂಡಿದ್ದರು. ನನ್ನ ನಾಲಗೆ ಎರಡನೆಯ ತುತ್ತಿನಲ್ಲಿ ಬೇಡಿದ್ದು ಬಹುಶಃ ಇದನ್ನೇ ಎಂದುಕೊಂಡಾಗ ಮನಸ್ಸು ಹಗುರವಾಯಿತು. ಭಾರತದಿಂದ 736ರಲ್ಲಿ ಇಲ್ಲಿಗೆ ಬಂದು, 752ರಲ್ಲಿ ನಾರಾದ ಮಹಾಬುದ್ಧನ ಕಣ್ಣು ತೆರೆಸಿದ ಬೋಧಿಸೇನ ಭಿಕ್ಷುವೂ ಈ ನಾಡಿನಲ್ಲಿ ಇಂತಹ ಯಾವುದೋ ಸಾರನ್ನು ಉಂಡಿರಬೇಕು.

"ನಿಮ್ಮ ಊರಿನಲ್ಲಿ ದಾಶಿಗೆ ಏನು ಹಾಕುತ್ತೀರಿ?" ಎಂದು ಮಾರ್ಗದರ್ಶಿನಿ ಕೇಳಿದರು. ನಾನು ತೊಗರಿಬೇಳೆಯ ಕಟ್ಟಿನ ವಿಷಯ ಹೇಳಿದೆ: ಹೋಳಿಗೆಯ ದಿನ ಬೇಳೆಯನ್ನು ಬೇಯಿಸಿ, ಬಸಿದ ನೀರನ್ನು ಚೆಲ್ಲದೆ ಕಟ್ಟಿನ ಸಾರು ಮಾಡುವುದನ್ನು ವಿವರಿಸಿದೆ. ಆಕೆ ಪುಸ್ತಕ ತೆಗೆದು 'ಕಟ್ಟು' ಎಂದು ತಮ್ಮ ಲಿಪಿಯಲ್ಲಿ ಬರೆದುಕೊಂಡರು. ಹಣದ ಕೊಡುಗೆ ಕೊಡುವ ಪದ್ಧತಿ ಆ ದೇಶದಲ್ಲಿಲ್ಲ. ಚೀಲದಲ್ಲಿದ್ದ ಚಟ್ನಿಪುಡಿಯ ಪೊಟ್ಟಣವನ್ನು ಎರಡು ಕೈಯಿಂದ ಹಿಡಿದು ಕೊಟ್ಟೆ. ಆಕೆ ಕೂಡಲೇ ತೆಗೆದುಕೊಳ್ಳದೆ ಮೊದಲು ಕೇಳಿದರು: "ಇದರಲ್ಲಿ ಏನೇನಿದೆ?" ಎಲ್ಲರೂ ನಕ್ಕೆವು.

ಅಂದು ರಾತ್ರಿ ಊರಿಗೆ ದೂರವಾಣಿ ಮಾಡಿ ತಾಯಿಗೆ ನಡೆದುದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದೆ. ಅತ್ತ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಕೇಳಿ ತಿನ್ನು ಎಂದು ಹೇಳಿದ್ದೆ" ಎಂದರು. ಮತ್ತೆ ಸ್ವಲ್ಪ ಹೊತ್ತು ಬಿಟ್ಟು, "ಆ ಹುಡುಗಿ ನಿನಗಾಗಿ ಅಷ್ಟು ಕಡೆ ಕೇಳಿದಳಲ್ಲ, ಅವಳಿಗೇನು ಕೊಟ್ಟೆ?" ಎಂದರು.

"ನೀನು ಕೊಟ್ಟ ಚಟ್ನಿಪುಡಿ."

"ಅಯ್ಯೋ, ಅದಕ್ಕೆ ಒಣಕೊಬ್ಬರಿ ಹಾಕಿದ್ದೇನಪ್ಪ. ಬಹಳ ದಿನ ಇಟ್ಟರೆ ಮುಗ್ಗುವಾಸನೆ ಬರುತ್ತದೆ. ಬೇಗ ಮುಗಿಸಲು ಹೇಳಿದೆಯೋ ಇಲ್ಲವೋ?"