ಅಮ್ಮ ಒಬ್ಬಳೇ ನಡೆದ ಬೀದಿ

ಆಮ್‌ಸ್ಟರ್‌ಡ್ಯಾಮಿಗೆ ಬಂದಿಳಿದ ನಾಲ್ಕನೆಯ ದಿನ ನಾನು ತಡವಾಗಿ ಎದ್ದಾಗ ಅಮ್ಮ ಮನೆಯಲ್ಲಿರಲಿಲ್ಲ. ಗೂಟಕ್ಕೆ ತೂಗುಹಾಕಿದ್ದ ಸ್ವೆಟರ್ ಇರಲಿಲ್ಲ, ಬಾಗಿಲ ಬಳಿ ಆಕೆಯ ಬೂಟುಗಳೂ ಇರಲಿಲ್ಲ. ತಂಗಿ ಆಗಲೇ ಕೆಲಸಕ್ಕೆ ಹೊರಟುಹೋಗಿದ್ದಳು. ಎಪ್ಪತ್ತನಾಲ್ಕರ ಹೆಂಗಸು, ಡಚ್ ಭಾಷೆಯ ಒಂದು ಪದವೂ ಬಾರದು, ಮೊಬೈಲನ್ನೂ ಮೇಜಿನ ಮೇಲೆಯೇ ಬಿಟ್ಟುಹೋಗಿದ್ದಾಳೆ. ಗಾಬರಿಯಿಂದ ಬಾಗಿಲು ತೆರೆದು ಬೀದಿಗಿಳಿಯುವಷ್ಟರಲ್ಲಿ ಅಮ್ಮ ಎದುರಿನಿಂದ ನಿಧಾನವಾಗಿ ನಡೆದುಬರುತ್ತಿದ್ದಳು. ಕೈಚೀಲದಲ್ಲಿ ಬೆಂಡೆಕಾಯಿ, ಹಾಗಲಕಾಯಿ. ‘ಸಂತೆ ಇಲ್ಲೇ ಇದೆಯಲ್ಲೋ, ನಡಕೊಂಡೇ ಹೋಗಿಬಂದೆ. ರಸ್ತೆ ದಾಟೋಕೆ ನಿಂತರೆ ಕಾರಿನವನು ತಾನೇ ನಿಲ್ಲಿಸಿ, ಹೋಗಿ ಅಂತ ಕೈ ತೋರಿಸಿದ’ ಎಂದಳು.

ಇದರಲ್ಲೇನು ವಿಶೇಷ ಎಂದು ಓದುಗರು ಕೇಳಬಹುದು. ಐದು ವರ್ಷಗಳಿಂದ ಅಮ್ಮ ಬೆಂಗಳೂರಿನಲ್ಲಿ ಒಬ್ಬಳೇ ಮನೆಯ ಗೇಟು ದಾಟಿಲ್ಲ ಎಂಬುದೇ ವಿಶೇಷ. ಒಂದು ಸಂಜೆ ದೇವಸ್ಥಾನದಿಂದ ಬರುವಾಗ ಚರಂಡಿಯ ಮೇಲಿನ ಕಲ್ಲುಚಪ್ಪಡಿ ವಾಲಿ, ಬಿದ್ದು ಮಣಿಕಟ್ಟು ಮುರಿದುಕೊಂಡಳು. ಮೂಳೆ ಕೂಡಿಕೊಂಡಿತು, ಧೈರ್ಯ ಕೂಡಿಕೊಳ್ಳಲಿಲ್ಲ. ಮುನ್ನೂರು ಮೀಟರ್ ದೂರದ ದೇವಸ್ಥಾನಕ್ಕೂ ಆಟೊ ಬೇಕು, ಇಲ್ಲವೇ ನಾನು ಜೊತೆಗಿರಬೇಕು. ವಯಸ್ಸಾಯಿತು, ಇನ್ನು ಹೀಗೆಯೇ ಎಂದು ನಾವೆಲ್ಲ ಒಪ್ಪಿಕೊಂಡಿದ್ದೆವು. ಆ ಬೆಳಿಗ್ಗೆ ಹಾಗಲಕಾಯಿಯ ಚೀಲ ಹಿಡಿದು ನಿಂತ ಅಮ್ಮನನ್ನು ಕಂಡಾಗ ನಾವು ಒಪ್ಪಿಕೊಂಡದ್ದು ಸುಳ್ಳೆಂದು ತಿಳಿಯಿತು. ದುರ್ಬಲವಾಗಿದ್ದುದು ಆಕೆಯ ಕಾಲುಗಳಲ್ಲ, ಆಕೆಯ ಕಾಲ ಕೆಳಗಿನ ನೆಲ.

ನಾನು ಕಂಡ ಮೊದಲ ವಿದೇಶಿ ನಗರ ಸಿಂಗಪುರ. ಹತ್ತು ವರ್ಷಗಳ ಹಿಂದೆ ಕಚೇರಿಯ ಕೆಲಸದ ಮೇಲೆ ಹೋಗಿದ್ದೆ. ಮೊದಲ ಸಲ ಹೊರದೇಶಕ್ಕೆ ಹೋದ ಎಲ್ಲರಂತೆ ನಾನೂ ಕಸವಿಲ್ಲದ ರಸ್ತೆಗಳನ್ನು, ಸಾಲಾಗಿ ನಿಂತ ಜನರನ್ನು, ಹಾರ್ನ್ ಸದ್ದಿಲ್ಲದ ಕೂಡುರಸ್ತೆಗಳನ್ನು ಕಂಡು ಬೆರಗಾದೆ. ನದಿಯ ದಂಡೆಯ ಮೇಲೆ ಕುಳಿತು, ನೀರಿನಲ್ಲಿ ಹೊಳೆಯುತ್ತಿದ್ದ ದೀಪಗಳನ್ನು ನೋಡುತ್ತ ನಮ್ಮ ವೃಷಭಾವತಿಯನ್ನು ನೆನೆದು ನಿಟ್ಟುಸಿರುಬಿಟ್ಟೆ. ಊರಿಗೆ ಮರಳಿ ಎಲ್ಲರ ಮುಂದೆ ಒಂದೇ ಭಾಷಣ: ‘ಶಿಸ್ತು ಅವರ ರಕ್ತದಲ್ಲೇ ಇದೆ. ನಮ್ಮ ಜನಕ್ಕೆ ಅದೆಲ್ಲ ಬರುವುದಿಲ್ಲ.’ ಕೇಳಿದವರೂ ತಲೆದೂಗಿದರು. ಅಂಥ ಮಾತಿಗೆ ನಮ್ಮಲ್ಲಿ ಎಂದೂ ವಿರೋಧವಿಲ್ಲ.

ಆಮ್‌ಸ್ಟರ್‌ಡ್ಯಾಮಿನಲ್ಲೂ ಮೊದಲೆರಡು ದಿನ ನನ್ನ ಬಾಯಿಂದ ಬಂದದ್ದು ಇದೇ ಮಾತು. ಹದಿನೇಳನೆಯ ಶತಮಾನದ ಕಾಲುವೆಗಳು, ಅವುಗಳ ಅಂಚಿಗೆ ವಾಲಿಕೊಂಡ ಕಿರಿದಾದ ಇಟ್ಟಿಗೆ ಮನೆಗಳು, ಎಲ್ಲೆಲ್ಲೂ ಸೈಕಲ್‌ಗಳು. ಕೆಂಪು ಬಣ್ಣದ ಹಾದಿಯ ಮೇಲೆ ನಿಂತು ಚಿತ್ರ ತೆಗೆಯುತ್ತಿದ್ದ ನನಗೆ ಗಂಟೆ ಬಾರಿಸುತ್ತ ಬಂದ ಅಜ್ಜಿಯೊಬ್ಬರು ಡಚ್ ಭಾಷೆಯಲ್ಲಿ ಏನೋ ಗದರಿದರು. ಅದು ಸೈಕಲ್ಲಿನ ಹಾದಿ, ನಿಲ್ಲುವ ಜಾಗವಲ್ಲ ಎಂದು ಆಮೇಲೆ ತಿಳಿಯಿತು. ಈ ದೇಶದಲ್ಲಿ ಜನಸಂಖ್ಯೆಗಿಂತ ಸೈಕಲ್‌ಗಳ ಸಂಖ್ಯೆಯೇ ಹೆಚ್ಚು. ಇವರು ಹುಟ್ಟುವಾಗಲೇ ಸೈಕಲ್ ಏರಿ ಬಂದವರು ಎಂದು ನಾನು ತಂಗಿಗೆ ತಮಾಷೆ ಮಾಡಿದೆ. ಆಕೆ ನಗಲಿಲ್ಲ. ‘ಈ ಬೀದಿಯ ಕಥೆ ನಿನಗೆ ಗೊತ್ತಿಲ್ಲ ಅಣ್ಣ’ ಎಂದು ಹೇಳತೊಡಗಿದಳು. ಅಂದು ಕೇಳಿದ್ದಕ್ಕೆ ಮುಂದೆ ಓದಿ ತಿಳಿದುದನ್ನೂ ಸೇರಿಸಿ ಇಲ್ಲಿ ಹೇಳುತ್ತಿದ್ದೇನೆ.

ತಂಗಿಯ ಮನೆ ಇರುವುದು ಡೆ ಪೈಪ್ ಎಂಬ ಹಳೆಯ ಬಡಾವಣೆಯಲ್ಲಿ. ಅಮ್ಮ ಹೋಗಿಬಂದ ಆಲ್ಬರ್ಟ್ ಕೌಪ್ ಸಂತೆ 1905ರಿಂದ ನಡೆಯುತ್ತಿದೆ. ಕಾರ್ಮಿಕರಿಗಾಗಿ ಕಟ್ಟಿದ ಈ ಇಕ್ಕಟ್ಟಾದ ಬೀದಿಗಳು 1970ರ ಹೊತ್ತಿಗೆ ಕಾರುಗಳಿಂದ ತುಂಬಿಹೋಗಿದ್ದವು. ಎರಡನೆಯ ಮಹಾಯುದ್ಧದ ನಂತರ ದೇಶ ಚೇತರಿಸಿಕೊಂಡಂತೆ ಕಾರು ಪ್ರಗತಿಯ ಸಂಕೇತವಾಗಿತ್ತು, ಸೈಕಲ್ ಬಡತನದ ಗುರುತಾಗತೊಡಗಿತ್ತು. ಹಳೆಯ ಬಡಾವಣೆಗಳನ್ನು ಕೆಡವಿ ಆಮ್‌ಸ್ಟರ್‌ಡ್ಯಾಮಿನ ನಡುವೆಯೇ ಹೆದ್ದಾರಿ ಹಾಯಿಸುವ ಯೋಜನೆಗಳೂ ಸಿದ್ಧವಾಗಿದ್ದವು. 1971ರ ಒಂದೇ ವರ್ಷದಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ನಾನೂರಕ್ಕೂ ಹೆಚ್ಚು ಮಕ್ಕಳು.

ವಿಕ್ ಲಾಂಗೆನ್‌ಹಾಫ್ ಎಂಬ ಪತ್ರಕರ್ತನ ಪುಟ್ಟ ಮಗಳು ಆ ಮಕ್ಕಳಲ್ಲಿ ಒಬ್ಬಳು. 1972ರಲ್ಲಿ ಆತ ‘ಡೆ ಟೈಡ್’ ಪತ್ರಿಕೆಯಲ್ಲಿ ಬರೆದ ಲೇಖನದ ಶೀರ್ಷಿಕೆಯೇ ‘ಮಕ್ಕಳ ಕೊಲೆ ನಿಲ್ಲಿಸಿ’. ಅದೇ ಹೆಸರಿನಲ್ಲಿ ತಾಯಿತಂದೆಯರ ಚಳವಳಿಯೊಂದು ಹುಟ್ಟಿಕೊಂಡಿತು. ಅದೇ ವರ್ಷ ಡೆ ಪೈಪ್‌ನ ಶಾಲಾಮಕ್ಕಳು ತಮಗೆ ಆಡಲು ಜಾಗವಿಲ್ಲವೆಂದು ಬೀದಿಗೆ ಅಡ್ಡಗಟ್ಟೆ ಹಾಕಿದರು. ಕಾರಿನವರು ಕೂಗಾಡಿದರು, ಜಗಳಕ್ಕೇ ಬಂದರು. ಆ ದೃಶ್ಯಗಳು ಅಂದಿನ ದೂರದರ್ಶನ ಸಾಕ್ಷ್ಯಚಿತ್ರವೊಂದರಲ್ಲಿ ಉಳಿದಿವೆ. ಅದರಲ್ಲಿ ಕಾಣುವುದು ನನ್ನ ಕಲ್ಪನೆಯ ಶಿಸ್ತಿನ ಡಚ್ ಜನರಲ್ಲ; ಪಾರ್ಕಿಂಗ್ ಜಾಗಕ್ಕಾಗಿ ಮಕ್ಕಳ ಮೇಲೆ ರೇಗುವ, ನಮ್ಮ ನೆರೆಹೊರೆಯವರಂಥದೇ ಜನ.

1973ರಲ್ಲಿ ತೈಲದ ಬಿಕ್ಕಟ್ಟು ಎದುರಾಯಿತು. ಸರ್ಕಾರ ಭಾನುವಾರಗಳಂದು ಕಾರು ಸಂಚಾರ ನಿಷೇಧಿಸಿತು. ಖಾಲಿ ರಸ್ತೆ ಹೇಗಿರುತ್ತದೆಂದು ಜನ ಕಣ್ಣಾರೆ ಕಂಡರು. 1975ರಲ್ಲಿ ನ್ಯೂಮಾರ್ಕ್ಟ್ ಬಡಾವಣೆಯ ಮನೆಗಳನ್ನು ಕೆಡವಲು ಬಂದಾಗ ದೊಡ್ಡ ಸಂಘರ್ಷವೇ ನಡೆಯಿತು. ಮೆಟ್ರೊ ಬಂದಿತಾದರೂ ಹೆದ್ದಾರಿ ಬರಲಿಲ್ಲ. ಮನೆಬೀದಿಗಳಲ್ಲಿ ವಾಹನಕ್ಕಿಂತ ನಡೆಯುವವನಿಗೇ ಆದ್ಯತೆ ಎಂಬ ನಿಯಮಕ್ಕೆ 1976ರಲ್ಲಿ ಕಾನೂನಿನ ಬಲ ದೊರೆಯಿತು. ನೆದರ್ಲೆಂಡ್ಸ್‌ನಲ್ಲಿ ಈಚಿನ ವರ್ಷಗಳಲ್ಲಿ ರಸ್ತೆ ಅಪಘಾತಗಳಲ್ಲಿ ಸಾಯುವವರ ಸಂಖ್ಯೆ ವರ್ಷಕ್ಕೆ ಏಳುನೂರರ ಆಸುಪಾಸು. ಅಮ್ಮನಿಗಾಗಿ ನಿಂತ ಆ ಕಾರು ರಕ್ತದಲ್ಲಿದ್ದ ಶಿಸ್ತಿನಿಂದ ನಿಂತದ್ದಲ್ಲ. ಐವತ್ತು ವರ್ಷಗಳ ಹಿಂದೆ ಮಕ್ಕಳನ್ನು ಕಳೆದುಕೊಂಡವರು ಹಟ ಹಿಡಿದು ಅದನ್ನು ನಿಲ್ಲಿಸಿದ್ದರು.

ಇದನ್ನು ತಿಳಿದ ಮೇಲೆ ಸಿಂಗಪುರದ ನದಿಯ ಬಗ್ಗೆಯೂ ಓದಿದೆ. ದೀಪಗಳನ್ನು ನೋಡಿ ನಾನು ನಿಟ್ಟುಸಿರುಬಿಟ್ಟ ಅದೇ ನದಿ 1970ರ ದಶಕದಲ್ಲಿ ಮೂಗು ಮುಚ್ಚಿಕೊಂಡು ದಾಟಬೇಕಾದ ಕೊಳಚೆಯಾಗಿತ್ತು. ಹತ್ತು ವರ್ಷಗಳಲ್ಲಿ ಅದನ್ನು ಶುದ್ಧಗೊಳಿಸಬೇಕೆಂದು ಪ್ರಧಾನಿ ಲೀ ಕುವಾನ್ ಯೂ 1977ರಲ್ಲಿ ಗಡುವು ವಿಧಿಸಿದರು. ನೂರಾರು ಹಂದಿ ಸಾಕಣೆ ಕೇಂದ್ರಗಳು ತೆರವಾದವು, ಸಾವಿರಾರು ಕುಟುಂಬಗಳಿಗೂ ಬೀದಿ ವ್ಯಾಪಾರಿಗಳಿಗೂ ಬೇರೆಡೆ ನೆಲೆ ಕಲ್ಪಿಸಲಾಯಿತು. 1987ರ ಹೊತ್ತಿಗೆ ಕೆಲಸ ಮುಗಿಯಿತು. ವಿದೇಶಿ ನಗರದ ಮೊದಲ ನೋಟ ಸುಳ್ಳಲ್ಲ, ಅರ್ಧಸತ್ಯ. ಅದು ನಮಗೆ ಫಲವನ್ನು ತೋರಿಸುತ್ತದೆ, ಬೇಸಾಯವನ್ನು ಮರೆಮಾಡುತ್ತದೆ.

ಹಾಗೆಂದು ಈ ನಗರಗಳನ್ನು ಪೂಜಿಸಬೇಕಾಗಿಲ್ಲ. ಆಮ್‌ಸ್ಟರ್‌ಡ್ಯಾಮಿನ ಚೆಲುವಾದ ಕಾಲುವೆಮನೆಗಳ ಹಿಂದೆ ಈಸ್ಟ್ ಇಂಡಿಯಾ ಕಂಪನಿಯ ಸಂಪತ್ತಿದೆ, ಮಲಬಾರಿನ ಕರಿಮೆಣಸಿನ ಲಾಭವಿದೆ, ಗುಲಾಮರ ದುಡಿಮೆಯಿದೆ. ನಗರದ ಮೇಯರ್ 2021ರಲ್ಲಿ ಗುಲಾಮಗಿರಿಯಲ್ಲಿ ನಗರದ ಪಾಲಿಗಾಗಿ ಕ್ಷಮೆ ಕೋರಿದ್ದೂ ಉಂಟು. ಸಿಂಗಪುರದ ನದಿ ಶುದ್ಧವಾದಾಗ ಅದರ ದಂಡೆಯಲ್ಲಿ ಬದುಕು ಕಟ್ಟಿಕೊಂಡಿದ್ದವರು ಎದ್ದುಹೋಗಬೇಕಾಯಿತು. ಎರಡೂ ಸಣ್ಣವು, ಸಿರಿವಂತವು. ನಮ್ಮ ನಗರಗಳ ಗಾತ್ರ ಬೇರೆ, ಹಣದ ಲೆಕ್ಕ ಬೇರೆ. ಇವೆಲ್ಲ ನಿಜವಾದ ಕಾರಣಗಳು. ಆದರೆ ‘ನಮ್ಮ ಜನವೇ ಹೀಗೆ’ ಎಂಬುದು ಕಾರಣವಲ್ಲ, ನೆಪ. ಅದನ್ನು ಅತಿ ಹೆಚ್ಚು ಬಳಸುವವರು ವಿದೇಶ ಸುತ್ತಿ ಬಂದ ನನ್ನಂಥವರು. ಜನವೇ ಕೆಟ್ಟವರೆಂದ ಮೇಲೆ ನಾವು ಯಾರನ್ನೂ ಏನನ್ನೂ ಕೇಳಬೇಕಾಗಿಲ್ಲವಲ್ಲ!

ಭಾರತದ ರಸ್ತೆಗಳಲ್ಲಿ 2022ರಲ್ಲಿ ಸತ್ತವರು ಸುಮಾರು 1.68 ಲಕ್ಷ ಮಂದಿ. ಅವರಲ್ಲಿ 32 ಸಾವಿರಕ್ಕೂ ಹೆಚ್ಚು ಜನ ಪಾದಚಾರಿಗಳು. ಅಡೆತಡೆಯಿಲ್ಲದ ಕಾಲುದಾರಿ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿತು. ಬೆಂಗಳೂರಿಗೆ ಮಾಡಲು ಬಾರದೆಂದೂ ಇಲ್ಲ. 2018ರಲ್ಲಿ ಚರ್ಚ್ ಸ್ಟ್ರೀಟ್ ಕಲ್ಲುಹಾಸಿನ ಹೊಸ ರೂಪ ಪಡೆಯಿತು. 2020ರ ನವೆಂಬರ್‌ನಲ್ಲಿ ವಾರಾಂತ್ಯಗಳಂದು ಅಲ್ಲಿಗೆ ವಾಹನಗಳು ಬರದಂತೆ ಮಾಡಿದಾಗ ‘ನಮ್ಮ ಜನ’ವೇ ರಸ್ತೆಯ ನಡುವೆ ನಿಶ್ಚಿಂತೆಯಿಂದ ನಡೆದರು. ಒಂದು ಬೀದಿಯಲ್ಲಿ ಸಾಧ್ಯವಾದದ್ದು ದೇವಸ್ಥಾನದ ದಾರಿಯಲ್ಲಿ ಏಕೆ ಸಾಧ್ಯವಿಲ್ಲ ಎಂದು ನಾವು ಗಟ್ಟಿಯಾಗಿ ಕೇಳಿಲ್ಲ, ಅಷ್ಟೆ.

ನಾವು ಮರಳಿ ಬಂದು ಎರಡು ತಿಂಗಳಾಯಿತು. ಅಮ್ಮ ಮತ್ತೆ ಆಟೊದಲ್ಲಿ ದೇವಸ್ಥಾನಕ್ಕೆ ಹೋಗುತ್ತಿದ್ದಾಳೆ. ಬಂದವರು ಆಮ್‌ಸ್ಟರ್‌ಡ್ಯಾಮ್ ಹೇಗಿತ್ತು ಎಂದು ಕೇಳಿದರೆ ಕಾಲುವೆ, ವಸ್ತುಸಂಗ್ರಹಾಲಯ ಯಾವುದನ್ನೂ ಹೇಳುವುದಿಲ್ಲ. ‘ಅಲ್ಲಿ ತರಕಾರಿ ನಾನೇ ತರ್ತಿದ್ದೆ’ ಎನ್ನುತ್ತಾಳೆ. ಕಳೆದ ಭಾನುವಾರ ನಾನು ಟೇಪು ಹಿಡಿದು ನಮ್ಮ ಗೇಟಿನಿಂದ ದೇವಸ್ಥಾನದವರೆಗೆ ನಡೆದೆ. ಸಡಿಲಗೊಂಡ ಚಪ್ಪಡಿಗಳು ಹನ್ನೊಂದು, ಚಪ್ಪಡಿಯೇ ಇಲ್ಲದ ಕಡೆ ನಾಲ್ಕು, ಕಾಲುದಾರಿಯ ಮೇಲೆ ನಿಂತ ಕಾರುಗಳು ಒಂಬತ್ತು. ಅವುಗಳಲ್ಲೊಂದು ನನ್ನದು. ಅದನ್ನು ಮೊದಲು ತೆಗೆದೆ. ಉಳಿದ ಪಟ್ಟಿಯನ್ನು ಬರೆದು, ಬೀದಿಯ ಇಪ್ಪತ್ತಾರು ಮನೆಗಳ ಸಹಿ ಹಾಕಿಸುತ್ತಿದ್ದೇನೆ. ಇದುವರೆಗೆ ಹದಿನೇಳು ಮನೆಯವರು ಹಾಕಿದ್ದಾರೆ. ಮೊದಲ ಸಹಿ ಅಮ್ಮನದು.