ನಗೆಯನ್ನು ಸುರುಳಿಯಲ್ಲಿ ಸುತ್ತಿಟ್ಟ 'ದೆಸಿಲು'

ಸಿನಿಮಾಕ್ಕೆ ರೀಲು ಇತ್ತು, ಸಂಗೀತಕ್ಕೆ ಗ್ರಾಮಫೋನ್ ತಟ್ಟೆ ಇತ್ತು. ಆದರೆ 1950ರ ಸುಮಾರಿಗೆ ಅಮೆರಿಕದ ಟೆಲಿವಿಷನ್‌ಗೆ ಮಾತ್ರ ನೆನಪಿನ ಶಕ್ತಿ ಬಲು ಕಡಿಮೆ. ಬಹುಪಾಲು ಹಾಸ್ಯ ಕಾರ್ಯಕ್ರಮಗಳು ನ್ಯೂಯಾರ್ಕ್‌ನ ಸ್ಟುಡಿಯೋಗಳಿಂದ ನೇರವಾಗಿ ಪ್ರಸಾರವಾಗುತ್ತಿದ್ದವು. ದೂರದ ಊರುಗಳಿಗೆಂದು ಟಿ.ವಿ. ಪರದೆಯ ಎದುರಿಗೇ ಕ್ಯಾಮೆರಾ ಇಟ್ಟು ಚಿತ್ರ ಹಿಡಿದು ಕಳುಹಿಸುವ 'ಕಿನೆಸ್ಕೋಪ್' ಪದ್ಧತಿಯೊಂದಿತ್ತು. ಅದರಲ್ಲಿ ಮೂಡುತ್ತಿದ್ದುದು ಮಸುಕಾದ ಬಿಂಬ. ಒಮ್ಮೆ ನಕ್ಕ ನಗೆ ಅಲ್ಲಿಗೇ ಮುಗಿದಂತೆ. ಆ ನಗೆಯನ್ನು ಸ್ಪಷ್ಟವಾಗಿ ಹಿಡಿದಿಟ್ಟು, ಮತ್ತೆ ಮತ್ತೆ ಮಾರಬಹುದಾದ ಆಸ್ತಿಯಾಗಿಸಿದ ಕೀರ್ತಿ ಬಹುಮಟ್ಟಿಗೆ 'ದೆಸಿಲು' ಎಂಬ ಸಂಸ್ಥೆಗೆ ಸಲ್ಲಬೇಕು.

ದೆಸಿ ಅರ್ನಾಜ್ ಮತ್ತು ಲೂಸಿಲ್ ಬಾಲ್ ದಂಪತಿ 1950ರಲ್ಲಿ ಸ್ಥಾಪಿಸಿದ ಸಂಸ್ಥೆ ಇದು. ಇಬ್ಬರ ಹೆಸರು ಕೂಡಿಯೇ 'ದೆಸಿಲು'. ಲೂಸಿಲ್ ಹಾಲಿವುಡ್ ನಟಿ, ಸಿಬಿಎಸ್ ರೇಡಿಯೋದ ಹಾಸ್ಯ ಸರಣಿಯೊಂದರ ನಾಯಕಿ. ದೆಸಿ ಕ್ಯೂಬಾದಲ್ಲಿ ಹುಟ್ಟಿದವನು, ವಾದ್ಯವೃಂದವೊಂದರ ಮುಖ್ಯಸ್ಥ. ಆಕೆಯ ಹಾಸ್ಯವನ್ನು ಟಿ.ವಿ.ಗೆ ತರಲು ಸಿಬಿಎಸ್ ಬಯಸಿದಾಗ, ಗಂಡನ ಪಾತ್ರಕ್ಕೆ ತನ್ನ ಗಂಡನೇ ಬೇಕೆಂದು ಆಕೆ ಪಟ್ಟುಹಿಡಿದಳು. ಕ್ಯೂಬಾದ ಉಚ್ಚಾರಣೆಯ ಗಂಡನನ್ನು ಅಮೆರಿಕದ ವೀಕ್ಷಕರು ಒಪ್ಪಿಯಾರೇ ಎಂಬುದು ಸಂಸ್ಥೆಯ ಅನುಮಾನ. ದಂಪತಿ ವಾದಿಸುತ್ತ ಕೂರಲಿಲ್ಲ. ಜೋಡಿಯಾಗಿ ಊರೂರಿನ ರಂಗಮಂದಿರಗಳಲ್ಲಿ ಪ್ರದರ್ಶನ ಕೊಟ್ಟು, ಜನ ಒಪ್ಪುತ್ತಾರೆಂದು ತೋರಿಸಿಕೊಟ್ಟರು.

ಎರಡನೆಯ ತೊಡಕು ಊರಿನದು. ಪ್ರಾಯೋಜಕರಾದ ಫಿಲಿಪ್ ಮೋರಿಸ್ ಸಿಗರೇಟ್ ಕಂಪನಿಗೆ ಕಾರ್ಯಕ್ರಮ ನ್ಯೂಯಾರ್ಕ್‌ನಿಂದಲೇ ಬರಬೇಕಿತ್ತು. ದಂಪತಿಗೆ ಲಾಸ್ ಏಂಜಲೀಸ್ ಬಿಡುವ ಮನಸ್ಸಿಲ್ಲ. ಹಾಗಾದರೆ ಸಿನಿಮಾದಂತೆಯೇ 35 ಮಿ.ಮೀ. ಫಿಲ್ಮಿನಲ್ಲಿ ಚಿತ್ರೀಕರಿಸೋಣ ಎಂಬ ಸಲಹೆ ಬಂತು. ಇದಕ್ಕೆ ಖರ್ಚು ಹೆಚ್ಚು. ಅದನ್ನು ಸರಿದೂಗಿಸಲು ದಂಪತಿ ತಮ್ಮ ಸಂಭಾವನೆಯಲ್ಲಿ ಕಡಿತ ಒಪ್ಪಿಕೊಂಡರು. ಪ್ರತಿಯಾಗಿ ಚಿತ್ರಗಳ ಒಡೆತನ ಕೇಳಿದರು. ಸಿಬಿಎಸ್ ಒಪ್ಪಿತು. ಒಮ್ಮೆ ನೋಡಿದ ಹಾಸ್ಯವನ್ನು ಜನ ಮತ್ತೆ ನೋಡುತ್ತಾರೆಂಬ ಲೆಕ್ಕಾಚಾರಕ್ಕೆ ಆಗಿನ್ನೂ ಬೆಲೆ ಬಂದಿರಲಿಲ್ಲ.

ಪ್ರೇಕ್ಷಕರು ಎದುರಿಗೆ ಕುಳಿತು ನಕ್ಕರೆ ಮಾತ್ರ ಲೂಸಿಲ್ ಅಭಿನಯಕ್ಕೆ ಕಳೆ. ಆದರೆ ಸಿನಿಮಾ ಚಿತ್ರೀಕರಣವೆಂದರೆ ಪ್ರತಿ ಶಾಟ್‌ಗೂ ದೀಪ ಬದಲಿಸುವ, ಗಂಟೆಗಟ್ಟಲೆ ಕಾಯಿಸುವ ಕೆಲಸ. ಪರಿಹಾರ ಹುಡುಕಲು ಕರೆತಂದದ್ದು ಜರ್ಮನಿಯಲ್ಲಿ 'ಮೆಟ್ರೋಪೊಲಿಸ್' (1927) ಚಿತ್ರಕ್ಕೆ ದುಡಿದಿದ್ದ ಛಾಯಾಗ್ರಾಹಕ ಕಾರ್ಲ್ ಫ್ರಾಯಿಂಡ್‌ನನ್ನು. ದೃಶ್ಯಸಜ್ಜಿಕೆಗಳನ್ನು ಒಂದರ ಪಕ್ಕ ಒಂದು ನಿಲ್ಲಿಸಿ, ಮೇಲಿನಿಂದ ಎಲ್ಲೆಡೆ ಸಮನಾದ ಬೆಳಕು ಬೀಳುವಂತೆ ಮಾಡಿ, ಮೂರು ಕ್ಯಾಮೆರಾಗಳನ್ನು ಏಕಕಾಲಕ್ಕೆ ಓಡಿಸಲಾಯಿತು. ಎದುರಿಗೆ ಸುಮಾರು 300 ಮಂದಿ ಪ್ರೇಕ್ಷಕರು. ನಾಟಕದಂತೆ ಅಭಿನಯ, ಸಿನಿಮಾದಂತೆ ಸಂಕಲನ. ಹಲವು ಕ್ಯಾಮೆರಾ ಬಳಸುವ ಪ್ರಯೋಗ ಅದಕ್ಕೂ ಮೊದಲೇ ನಡೆದಿತ್ತಾದರೂ, ಅದು ಹಾಸ್ಯ ಧಾರಾವಾಹಿಯ ವಿಧಾನವಾಗಿ ನೆಲೆಯೂರಿದ್ದು ಇಲ್ಲಿಂದಲೇ.

1951ರ ಅಕ್ಟೋಬರ್ 15ರಂದು 'ಐ ಲವ್ ಲೂಸಿ' ಆರಂಭವಾಯಿತು. ವಾದ್ಯವೃಂದದ ರಿಕಿ, ತಾನೂ ರಂಗವೇರಬೇಕೆಂದು ಹಂಬಲಿಸುವ ಹೆಂಡತಿ ಲೂಸಿ, ಮನೆ ಮಾಲೀಕರೂ ಗೆಳೆಯರೂ ಆದ ಎಥೆಲ್ ಮತ್ತು ಫ್ರೆಡ್: ಇಷ್ಟೇ ಬಂಡವಾಳ. ಚಾಕೊಲೇಟ್ ಕಾರ್ಖಾನೆಯಲ್ಲಿ ಓಡುವ ಪಟ್ಟಿಯ ವೇಗಕ್ಕೆ ಕೈ ಸಾಲದೆ ಲೂಸಿ ಮತ್ತು ಎಥೆಲ್ ಮಿಠಾಯಿಯನ್ನು ಬಾಯಿಗೂ ಟೋಪಿಗೂ ತುರುಕಿಕೊಳ್ಳುವ 1952ರ ಕಂತಿಗೆ ಇಂದಿಗೂ ಜನ ನಗುತ್ತಾರೆ.

ಅದೇ ವರ್ಷ ಲೂಸಿಲ್ ಗರ್ಭಿಣಿಯಾದಾಗ ಕಥೆಯ ಲೂಸಿಯೂ ಗರ್ಭಿಣಿಯಾದಳು. 'ಗರ್ಭಿಣಿ' ಎಂಬ ಶಬ್ದವನ್ನು ಟಿ.ವಿ.ಯಲ್ಲಿ ಆಡುವಂತಿರಲಿಲ್ಲ! ಪಾದ್ರಿ, ಯಹೂದಿ ಧರ್ಮಗುರುಗಳಿಗೆ ಸಂಭಾಷಣೆ ತೋರಿಸಿ ಒಪ್ಪಿಗೆ ಪಡೆಯಲಾಯಿತು. 1953ರ ಜನವರಿ 19ರಂದು ಪರದೆಯ ಮೇಲೆ ಮಗು ಹುಟ್ಟಿತು. ಅದೇ ದಿನ ಲೂಸಿಲ್ ನಿಜವಾಗಿಯೂ ಗಂಡುಮಗುವನ್ನು ಹೆತ್ತಳು. ಟಿ.ವಿ. ಇದ್ದ ಪ್ರತಿ 100 ಮನೆಗಳಲ್ಲಿ ಸುಮಾರು 72 ಮನೆಗಳು ಆ ಕಂತನ್ನು ನೋಡಿದವು. ಆಕೆಗೆ ವಿಶ್ರಾಂತಿ ಬೇಕಾದ ಆ ಅವಧಿಯಲ್ಲಿ ಹಳೆಯ ಕಂತುಗಳನ್ನೇ ಮತ್ತೆ ತೋರಿಸಲಾಯಿತು. ಜನ ಬೇಸರಿಸದೆ ನೋಡಿದರು. ರೀಲಿನ ಒಡೆತನಕ್ಕೆ ಎಷ್ಟು ಬೆಲೆಯೆಂಬುದು ಆಗ ಅರಿವಿಗೆ ಬಂತು.

'ಅವರ್ ಮಿಸ್ ಬ್ರೂಕ್ಸ್', 'ಡಿಸೆಂಬರ್ ಬ್ರೈಡ್' ಮುಂತಾದ ಹಾಸ್ಯ ಸರಣಿಗಳೂ ದೆಸಿಲುವಿನ ಆಶ್ರಯದಲ್ಲಿ ತಯಾರಾದವು. 'ಐ ಲವ್ ಲೂಸಿ' 180 ಕಂತು ಮುಗಿಸಿ 1957ರಲ್ಲಿ ನಿಂತಿತು. ಅದೇ ವರ್ಷ ಆರ್‌ಕೆಒ ಸ್ಟುಡಿಯೋವನ್ನೇ ದೆಸಿಲು ಕೊಂಡಿತು. ಒಂದು ಕಾಲಕ್ಕೆ ಅಲ್ಲಿ ಲೂಸಿಲ್ ಸಂಬಳದ ನಟಿಯಾಗಿದ್ದಳು. ಬೆಳೆಯುವ ಈ ಭರದಲ್ಲಿ, ಸಂಬಳ ಬಿಟ್ಟು ಸಂಪಾದಿಸಿದ್ದ ಲೂಸಿ ಕಂತುಗಳ ಹಕ್ಕನ್ನು ದಂಪತಿ ಸಿಬಿಎಸ್‌ಗೇ ಮಾರಿದ್ದರು. ಮುಂದಿನ ದಶಕಗಳ ಮರುಪ್ರಸಾರದ ಲಾಭ ಹೀಗೆ ಅವರ ಕೈತಪ್ಪಿತು.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಮಾತು ಲೂಸಿ-ರಿಕಿಯರಿಗೆ ಒಪ್ಪುತ್ತಿತ್ತು. ಅರ್ಧ ಗಂಟೆಯಲ್ಲಿ ಎಲ್ಲವೂ ಸರಿಹೋಗುತ್ತಿತ್ತು. ನಿಜ ಜೀವನದಲ್ಲಿ ಹಾಗಾಗಲಿಲ್ಲ. 1960ರಲ್ಲಿ ವಿಚ್ಛೇದನವಾಯಿತು. 1962ರಲ್ಲಿ ದೆಸಿಯ ಪಾಲನ್ನು ಕೊಂಡು ಲೂಸಿಲ್ ಸಂಸ್ಥೆಯ ಅಧ್ಯಕ್ಷೆಯಾದಳು. ದೊಡ್ಡ ಸ್ಟುಡಿಯೋವೊಂದನ್ನು ಹೆಣ್ಣು ನಡೆಸುವುದು ಆಗ ಅಪರೂಪದ ಸಂಗತಿ. 'ದಿ ಲೂಸಿ ಶೋ'ದಲ್ಲಿ ನಟಿಸುತ್ತಲೇ ಆಕೆ ನಡೆಸಿದ ಆಡಳಿತದಲ್ಲಿ, 1966ರಲ್ಲಿ 'ಸ್ಟಾರ್ ಟ್ರೆಕ್' ತೆರೆಕಂಡಿತು. 1967ರಲ್ಲಿ ಸಂಸ್ಥೆ ಗಲ್ಫ್ ಅಂಡ್ ವೆಸ್ಟರ್ನ್ ಕಂಪನಿಗೆ ಮಾರಾಟವಾಗಿ, ಪ್ಯಾರಮೌಂಟ್ ಟೆಲಿವಿಷನ್ ಆಯಿತು.

ಹೆಸರು ಅಳಿದರೂ ಪದ್ಧತಿ ಉಳಿಯಿತು. 'ದಿ ಲೂಸಿ ಶೋ'ಗೆ ಬರೆದಿದ್ದ ಗ್ಯಾರಿ ಮಾರ್ಷಲ್ 1974ರಲ್ಲಿ ಆರಂಭಿಸಿದ 'ಹ್ಯಾಪಿ ಡೇಸ್' ಮೊದಲು ಒಂದೇ ಕ್ಯಾಮೆರಾದಲ್ಲಿ ತಯಾರಾಗುತ್ತಿತ್ತು. ಅದು ಮರುವರ್ಷ ಪ್ರೇಕ್ಷಕರ ಎದುರು ಹಲವು ಕ್ಯಾಮೆರಾಗಳ ಚಿತ್ರೀಕರಣಕ್ಕೆ ಹೊರಳಿ ಹೆಚ್ಚು ಜನಪ್ರಿಯವಾಯಿತು. ದೆಸಿ 1986ರಲ್ಲಿ, ಲೂಸಿಲ್ 1989ರಲ್ಲಿ ತೀರಿಕೊಂಡರು. ಊರು ಬಿಡಲೊಲ್ಲದ ದಂಪತಿ ಕಂಡುಕೊಂಡ ದಾರಿಯಿಂದಾಗಿ, ಅವರ ಮನೆ ಮುರಿದ ಮೇಲೂ ಅವರಿಬ್ಬರು ಜೊತೆಯಾಗಿ ನಗಿಸಿದ್ದು ಜನರ ಪಾಲಿಗೆ ಉಳಿದಿದೆ.