ನಾಲ್ಕು ಚಕ್ರಗಳ ಎಳೆತವೂ ಮುತ್ತತ್ತಿಯ ದಾರಿಯೂ

ಬೇಸಿಗೆಯ ರಜೆ ಸಮೀಪಿಸಿತೆಂದರೆ ಮಂಡ್ಯದ ನಮ್ಮ ವಿದ್ಯಾರ್ಥಿಗಳಲ್ಲಿ ಒಂದು ಉತ್ಸಾಹ ತಲೆಯೆತ್ತುವುದುಂಟು. ಎಲ್ಲಿಂದಲೋ ಒಂದು ಜೀಪು ದೊರೆಯುತ್ತದೆ. ಮದ್ದೂರು, ಮಳವಳ್ಳಿ, ಹಲಗೂರುಗಳನ್ನು ಹಾದು ಕಾವೇರಿ ತೀರದ ಮುತ್ತತ್ತಿಯ ಕಾಡಿಗೆ ಹೋಗಿಬರುವ ಮಾತು ಹುಟ್ಟುತ್ತದೆ. ಅಂತಹ ಒಂದು ತಂಡದವರು ನನ್ನನ್ನು ಕೇಳಿದರು: "ಸಾರ್, ನಾಲ್ಕು ಚಕ್ರಕ್ಕೂ ಎಳೆತವಿರುವ ಗಾಡಿ ಸಿಕ್ಕಿದೆ. ಇನ್ನು ಎಲ್ಲಿಗೆ ಬೇಕಾದರೂ ಹೋಗಬಹುದಲ್ಲವೆ?" ಪ್ರಶ್ನೆ ಸಣ್ಣದು, ಉತ್ತರಕ್ಕೆ ಮಾತ್ರ ಸ್ವಲ್ಪ ಲೆಕ್ಕ ಬೇಕು.

ಎಂಜಿನ್ನು ಗಾಡಿಯನ್ನು ಮುಂದೂಡುತ್ತದೆಂದು ನಾವು ಹೇಳುತ್ತೇವೆ. ನಿಜವಾಗಿ ಅದು ಚಕ್ರವನ್ನು ತಿರುಗಿಸುತ್ತದೆ, ಅಷ್ಟೆ. ಚಕ್ರವು ನೆಲವನ್ನು ಹಿಂದಕ್ಕೆ ಒತ್ತಿದಾಗ ನೆಲವು ಗಾಡಿಯನ್ನು ಮುಂದಕ್ಕೆ ಒತ್ತುತ್ತದೆ. ಈ ವ್ಯವಹಾರಕ್ಕೆ ಮಧ್ಯಸ್ಥನಾಗಿರುವುದು ಘರ್ಷಣೆ. ಸಾಮಾನಿನ ಸಹಿತ 1500 ಕಿಲೋಗ್ರಾಂ ತೂಗುವ ಜೀಪೊಂದು ನೆನೆದ ಜೇಡಿಮಣ್ಣಿನ ಮೇಲೆ ನಿಂತಿದೆಯೆಂದು ಭಾವಿಸೋಣ. ಅಲ್ಲಿ ಘರ್ಷಣಾಂಕ 0.2 ಎಂದು ಹಿಡಿದರೆ, ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಎಳೆತವಿರುವಾಗ ಅವುಗಳ ಮೇಲಿನ ತೂಕ 750 ಕಿಲೋಗ್ರಾಂ. ದೊರೆಯಬಲ್ಲ ಗರಿಷ್ಠ ನೂಕು 150 ಕಿಲೋಗ್ರಾಂ ಭಾರದಷ್ಟು. ಕೆಸರಿನಲ್ಲಿ ಚಕ್ರ ಹೂತು ಉರುಳುವುದಕ್ಕೆ ಗಾಡಿಯ ತೂಕದ ನೂರಕ್ಕೆ 15 ಪಾಲು, ಎಂದರೆ 225 ಕಿಲೋಗ್ರಾಂ ಭಾರದ ತಡೆಯುಂಟಾದರೆ ಗಾಡಿ ಅಲುಗದು. ನಾಲ್ಕೂ ಚಕ್ರಗಳು ಎಳೆದಾಗ ನೂಕು 300 ಆಗುತ್ತದೆ. ಗಾಡಿ ಕೆಸರನ್ನು ದಾಟುತ್ತದೆ. ಹೊಸ ಘರ್ಷಣೆಯನ್ನೇನೂ ನಾವು ಸೃಷ್ಟಿಸಲಿಲ್ಲ. ವ್ಯರ್ಥವಾಗಿದ್ದ ಅರ್ಧವನ್ನು ಬಳಸಿಕೊಂಡೆವು.

ಇದರಲ್ಲಿಯೂ ಒಂದು ತೊಡಕುಂಟು. ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಹೆಚ್ಚು ದೂರ ಉರುಳಬೇಕಾದುದರಿಂದ ಅಚ್ಚಿನ ನಡುವೆ ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ಕೂಟವನ್ನು ಇಟ್ಟಿರುತ್ತಾರೆ. ಅದರ ಗುಣವನ್ನು ನಮ್ಮ ಎತ್ತಿನ ಗಾಡಿಯ ನೊಗದಿಂದ ತಿಳಿಯಬಹುದು. ಮೂಕಿಗೆ ನಡುವೆ ಬಿಗಿದ ನೊಗದ ಒಂದು ತುದಿಯ ಎತ್ತು ಜಾರಿ ಸೋತರೆ, ಇನ್ನೊಂದು ಎಷ್ಟೇ ಬಲಶಾಲಿಯಾದರೂ ನೊಗ ಓರೆಯಾಗುವುದೇ ಹೊರತು ಗಾಡಿ ನೇರ ಸಾಗದು. ಡಿಫರೆನ್ಷಿಯಲ್ ಕೂಡ ಎರಡು ಕಡೆಗೂ ಸಮಾನವಾಗಿಯೇ ತಿರುಚುಬಲವನ್ನು ಹಂಚುತ್ತದೆ. ಒಂದು ಚಕ್ರ ಗಾಳಿಯಲ್ಲಿ ತೂಗಿ ಸುಮ್ಮನೆ ಸುತ್ತುತ್ತಿದ್ದರೆ ಗಟ್ಟಿನೆಲದ ಮೇಲಿರುವ ಜೊತೆಗಾರನಿಗೂ ಬಲ ದೊರೆಯದು. ಆದ್ದರಿಂದ ಮುಂದಿನದೊಂದು, ಹಿಂದಿನದೊಂದು ಚಕ್ರ ಕೊರಕಲಿನ ಮೇಲೆ ನೇತುಬಿದ್ದರೆ, ಡಿಫರೆನ್ಷಿಯಲ್ಲನ್ನು ಬಂಧಿಸುವ ಏರ್ಪಾಡಿಲ್ಲದ ಜೀಪು ನಾಲ್ಕು ಚಕ್ರದ ಎಳೆತವಿದ್ದೂ ನಿಂತಲ್ಲೇ ನಿಲ್ಲುತ್ತದೆ.

ಇಳಿಜಾರಿಗೆ ಬರೋಣ. ತರುಣರು ಮರೆಯುವ ವಿಷಯ ಇದೇ. ಬ್ರೇಕು ಎಲ್ಲ ಮೋಟಾರುಗಳಲ್ಲಿಯೂ ನಾಲ್ಕು ಚಕ್ರಗಳಿಗೇ ಇರುವುದರಿಂದ, ನಿಲ್ಲಿಸುವಾಗ ಜೀಪಿಗೆ ವಿಶೇಷ ಸವಲತ್ತಿಲ್ಲ. ಸಡಿಲ ಜಲ್ಲಿಯ ಸಮನೆಲದಲ್ಲಿ ಘರ್ಷಣಾಂಕ 0.3 ಆದರೆ, ಗಂಟೆಗೆ 60 ಕಿಲೋಮೀಟರ್ ವೇಗದ ಗಾಡಿ ಬ್ರೇಕು ಹಿಡಿದ ಮೇಲೆ ಸುಮಾರು 47 ಮೀಟರ್ ಸಾಗಿ ನಿಲ್ಲುತ್ತದೆ. 30ರ ವೇಗದಲ್ಲಿ 12 ಮೀಟರ್ ಸಾಕು. ಇಳಿಜಾರಿನಲ್ಲಿ ಈ ದೂರಗಳು ಇನ್ನೂ ಬೆಳೆಯುತ್ತವೆ. ತಿರುವಿನಾಚೆ ಆನೆ ನಿಂತಿರಬಹುದಾದ ದಾರಿಯಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. ಕೆಳಗಿಳಿಯುವಾಗ ತಗ್ಗಿನ ಗೇರಿನಲ್ಲಿಟ್ಟು ಎಂಜಿನ್ನೇ ಗಾಡಿಯನ್ನು ತಡೆಯುವಂತೆ ಮಾಡುವುದು ಒಳ್ಳೆಯದು.

ಇನ್ನು ನೀರು. ಮುತ್ತತ್ತಿಯಲ್ಲಿ ಕಾವೇರಿಗೆ ಗಾಡಿಯನ್ನು ಇಳಿಸುವ ಮಾತೇ ಇಲ್ಲ. ಮೇಲಿನ ಜಲಾಶಯಗಳಿಂದ ನೀರು ಬಿಟ್ಟಾಗ ಆಕಾಶದಲ್ಲಿ ಮೋಡವಿಲ್ಲದಿದ್ದರೂ ಹೊಳೆ ಏರುತ್ತದೆ. ಸುಳಿಗಳಿಗೆ ಸಿಕ್ಕಿ ಅಲ್ಲಿ ಪ್ರಾಣ ನೀಗಿದವರಲ್ಲಿ ವಿದ್ಯಾರ್ಥಿಗಳು ಹಲವರು. ನಾನು ಹೇಳುವುದು ದಾರಿಗೆ ಅಡ್ಡ ಹರಿಯುವ ಹಳ್ಳಗಳನ್ನು ಕುರಿತು. ಜೀಪಿನ ತಳದ ವಿಸ್ತೀರ್ಣ 5 ಚದರ ಮೀಟರ್ ಇರಲಿ. ನೀರು ತಳದಿಂದ ಕೇವಲ 10 ಸೆಂಟಿಮೀಟರ್ ಮೇಲೇರಿ, ಒಳನುಗ್ಗುವ ಮುನ್ನ, ಗಾಡಿ ಅರ್ಧ ಘನಮೀಟರ್ ನೀರನ್ನು ಸ್ಥಳಾಂತರಿಸಿರುತ್ತದೆ. ಆರ್ಕಿಮಿಡೀಸನ ನಿಯಮದಂತೆ 500 ಕಿಲೋಗ್ರಾಂ ತೂಕ ಮಾಯವಾಯಿತು. ಉಳಿದ 1000 ಕಿಲೋಗ್ರಾಂಗೆ, ಘರ್ಷಣಾಂಕ 0.3ರಂತೆ, ಪಕ್ಕದ ನೂಕನ್ನು ತಡೆಯುವ ಶಕ್ತಿ 300 ಕಿಲೋಗ್ರಾಂ ಭಾರದಷ್ಟು. ಹರಿವಿಗೆ ಎದುರಾದ ಮೈ ಒಂದು ಚದರ ಮೀಟರ್ ಇದ್ದರೆ, ಸೆಕೆಂಡಿಗೆ 1 ಮೀಟರ್ ಹರಿಯುವ ನೀರು ಸುಮಾರು 50, 2 ಮೀಟರ್ ಹರಿಯುವುದು 200, 3 ಮೀಟರ್ ಹರಿಯುವುದು 450 ಕಿಲೋಗ್ರಾಂ ಭಾರದಷ್ಟು ನೂಕುತ್ತದೆ. ವೇಗ ಎರಡರಷ್ಟಾದರೆ ನೂಕು ನಾಲ್ಕರಷ್ಟು! ಎರಡು ಮೀಟರ್ ವೇಗದಲ್ಲಿ ಧೈರ್ಯ ತಂದುಕೊಂಡ ಚಾಲಕನು ಮೂರು ಮೀಟರ್ ವೇಗದಲ್ಲಿ ಗಾಡಿಯೊಡನೆ ತೇಲಿಹೋಗುತ್ತಾನೆ. ಇದು ಒರಟು ಲೆಕ್ಕವೆಂಬುದು ನಿಜ. ಆದರೆ ತಪ್ಪಿದರೆ ಯಾವ ಕಡೆಗೆ ತಪ್ಪಬೇಕೆಂಬುದನ್ನು ಓದುಗರೇ ಬಲ್ಲರು. ತಳ ಕಾಣದ ಕೆಂಪು ನೀರು ಹರಿಯುತ್ತಿದ್ದರೆ ದಡದಲ್ಲಿ ಕುಳಿತು, ಮದ್ದೂರಿನಲ್ಲಿ ಕಟ್ಟಿಸಿಕೊಂಡ ವಡೆಯನ್ನು ತಿನ್ನುತ್ತಾ ಕಾಯುವುದು ಉತ್ತಮ.

ಮುತ್ತತ್ತಿಯವರೆಗೆ ಸಾಧಾರಣ ಕಾರು ಕೂಡ ಹೋಗುತ್ತದೆ. ಸುತ್ತಲಿನದು 1987ರಲ್ಲಿ ಘೋಷಿತವಾದ ಕಾವೇರಿ ವನ್ಯಜೀವಿಧಾಮ. ರಸ್ತೆಯನ್ನು ಬಿಟ್ಟು ಒಳದಾರಿ ಹಿಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಅನುಮತಿ ಸಿಗದಿದ್ದರೆ ಯೋಜನೆ ಅಲ್ಲಿಗೇ ಮುಗಿಯಿತು. ಸಿಕ್ಕರೆ, ದೂರವನ್ನಲ್ಲ, ಕಾಲವನ್ನು ಅಳೆಯಬೇಕು. 1960ರಲ್ಲಿ ಪನಾಮ ಮತ್ತು ಕೊಲಂಬಿಯಗಳ ನಡುವಿನ ಡೇರಿಯನ್ ಕಾಡನ್ನು ಒಂದು ಲ್ಯಾಂಡ್ ರೋವರ್ ಮತ್ತು ಒಂದು ಜೀಪಿನಲ್ಲಿ ದಾಟಿದ ತಂಡಕ್ಕೆ 136 ದಿನ ಹಿಡಿಯಿತು. ಅವರ ಸರಾಸರಿ ವೇಗ ಗಂಟೆಗೆ ಸುಮಾರು 200 ಮೀಟರ್. ನಡೆದು ಹೋಗುವವನು ಕೂಡ ಅದಕ್ಕಿಂತ ವೇಗವಾಗಿ ಹೋಗುತ್ತಾನೆ!

ನಮ್ಮ ಹುಡುಗರು ತಂದ ಕಾಗದದಲ್ಲಿ, 10 ಕಿಲೋಮೀಟರಿನ ಒಳದಾರಿಯ ತುದಿಯಿಂದ ಸಂಜೆ ಐದಕ್ಕೆ ಹಿಂತಿರುಗುವುದೆಂದು ಬರೆದಿತ್ತು. ಸೂರ್ಯಾಸ್ತ ಆರೂವರೆಗೆ, ಗಂಟೆಗೆ 8 ಕಿಲೋಮೀಟರಿನಂತೆ ಒಂದೂಕಾಲು ಗಂಟೆ ಸಾಕಲ್ಲ, ಎಂಬುದು ಅವರ ವಾದ. ನಾನು ಸೂರ್ಯಾಸ್ತದಿಂದ ಹಿಂದಕ್ಕೆ ಎಣಿಸಿದೆ. ಗಾಡಿ ಆ ತುದಿಯಲ್ಲೇ ಕೆಟ್ಟಿತೆನ್ನೋಣ. ಅದನ್ನು ಕಟ್ಟಿ ಎಳೆದು ಹೊರತರಲು ಎರಡರಷ್ಟು ಕಾಲ, ಎರಡೂವರೆ ಗಂಟೆ. ಆದ್ದರಿಂದ ನೆರವಿನ ಗಾಡಿ ನಾಲ್ಕಕ್ಕೆ ಅಲ್ಲಿರಬೇಕು. ಅದು ಒಳಬರಲು ಒಂದೂಕಾಲು ಗಂಟೆ, ಎರಡೂಮುಕ್ಕಾಲಿಗೆ ಹೊರಡಬೇಕು. ಕಾಡಿನೊಳಗೆ ಮೊಬೈಲು ಕೈಕೊಟ್ಟರೆ, ಹೊರಗಿದ್ದವರಿಗೆ ಸುದ್ದಿ ಮುಟ್ಟುವುದು ನಾವು ಹೇಳಿದ ಹೊತ್ತಿಗೆ ಬಾರದಿದ್ದಾಗ ಮಾತ್ರ. ಆದ್ದರಿಂದ ಎರಡೂಮುಕ್ಕಾಲೇ ನಾವು ಹೊರಬಂದಿರಬೇಕಾದ ಗಡುವು. ಅದಕ್ಕೆ ಒಳದಾರಿಯ ತುದಿಯಲ್ಲಿ ಗಾಡಿಯನ್ನು ತಿರುಗಿಸಬೇಕಾದುದು ಮಧ್ಯಾಹ್ನ ಒಂದೂವರೆಗೆ.

"ಒಂದೂವರೆಗೇ? ಹಾಗಾದರೆ ಮಂಡ್ಯವನ್ನು ಬೆಳಗಿನ ಜಾವದಲ್ಲೇ ಬಿಡಬೇಕಾಗುತ್ತದಲ್ಲ ಸಾರ್!" ಎಂದನು ಒಬ್ಬ. ಇನ್ನೊಬ್ಬನು ಮಾತನಾಡದೆ ಐದು ಎಂಬುದನ್ನು ಹೊಡೆದುಹಾಕಿ ಒಂದೂವರೆ ಎಂದು ಬರೆದನು. ಅದರ ಕೆಳಗೆ, ತಲೆಗೆ ಐದು ಲೀಟರಿನಂತೆ ನೀರು, ಹಗ್ಗ, ಗುದ್ದಲಿ, ಜ್ಯಾಕಿನ ಕೆಳಗಿಡಲು ಹಲಗೆ. ಆ ಕಾಗದದ ಒಂದು ಪ್ರತಿಯನ್ನು ಅರಣ್ಯ ಸಿಬ್ಬಂದಿಗೂ ಇನ್ನೊಂದನ್ನು ಹಲಗೂರಿನಲ್ಲಿದ್ದ ಗೆಳೆಯನ ಮನೆಯಲ್ಲಿಯೂ ಕೊಟ್ಟು ಹೋಗುವುದೆಂದು ಗೊತ್ತಾಯಿತು.